ಮೂರು ಬೆರಳಿನ ಮಿಂಚುಳ್ಳಿ: ಶಿರಸಿ, ಕುಮಟಾ, ಕಾರವಾರದ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಮೃಗಶಿರಾ ಮಳೆ ಹಿಡಿಯಿತು ಅಂದರೆ ನನ್ನ ಫೋನಿಗೆ ಫೋಟೊಗಳು ಬರಲು ಶುರು. ಅಡಿಕೆ ತೋಟದಲ್ಲಿ ತೆಗೆದದ್ದು, ಬಚ್ಚಲಿನ ಹಿಂದಿನ ಧರೆಯಲ್ಲಿ (ನೆಟ್ಟಗೆ ನಿಂತ ಮಣ್ಣಿನ ಗೋಡೆಗೆ ನಮ್ಮ ಕಡೆ ಧರೆ ಅನ್ನುತ್ತೇವೆ) ತೆಗೆದದ್ದು, ಕಿಟಕಿ ಗಾಜಿಗೆ ಬಡಿದು ಜಗುಲಿ ಮೇಲೆ ಬಿದ್ದಾಗ ತೆಗೆದದ್ದು. ಎಲ್ಲದರಲ್ಲೂ ಒಂದೇ ಹಕ್ಕಿ. ಮುಷ್ಟಿಯೊಳಗೆ ಅಡಗುವಷ್ಟು ಚಿಕ್ಕದು. ಕೆಂಪು ಕೊಕ್ಕು, ಹಳದಿ ಹೊಟ್ಟೆ, ನೀಲಿ ಬೆನ್ನು, ನೇರಳೆ ಸೊಂಟ. ಕೆಳಗೆ ಒಂದೇ ಸಾಲು: "ಇದು ಎಂತ ಹಕ್ಕಿ?"

ನಾನು ಶಿರಸಿ ಸೀಮೆಯ ಅಡಿಕೆ ಬೆಳೆಗಾರ. ಈ ಹಕ್ಕಿಯ ಬೆನ್ನು ಹತ್ತಿ ಎಷ್ಟೋ ಮಳೆಗಾಲ ಕಳೆದಿದ್ದೇನೆ. ಕೇಳಿದವರಿಗೆಲ್ಲ ಬೇರೆ ಬೇರೆಯಾಗಿ ಉತ್ತರ ಬರೆಯುವ ಬದಲು ಒಂದೇ ಕಡೆ ಬರೆದಿಟ್ಟರೆ ಅನುಕೂಲ ಅಲ್ವಾ? ಅದಕ್ಕೇ ಇದು.

ಈ ಹಕ್ಕಿಯ ಹೆಸರೇನು?

ಇದು ಮಿಂಚುಳ್ಳಿಯ ಜಾತಿ. ಇಂಗ್ಲಿಷಿನಲ್ಲಿ ಓರಿಯಂಟಲ್ ಡ್ವಾರ್ಫ್ ಕಿಂಗ್‌ಫಿಶರ್ ಅನ್ನುತ್ತಾರೆ. ಕ್ಯಾಮರಾ ಹಿಡಿದು ಬರುವ ಹುಡುಗರು ಅದನ್ನೇ ಚಿಕ್ಕದು ಮಾಡಿ ಓಡಿಕೆಎಫ್ ಅನ್ನುವುದನ್ನು ಕೇಳಿರುತ್ತೀರಿ. ವೈಜ್ಞಾನಿಕ ಹೆಸರು ಸೇಯ್ಕ್ಸ್ ಎರಿಥಾಕಾ. 1758ರಲ್ಲಿ ಲಿನೇಯಸ್ ಇದನ್ನು ಮೊದಲು ಹೆಸರಿಸಿದ್ದು. ಸೇಯ್ಕ್ಸ್ ಅನ್ನುವವನು ಗ್ರೀಕ್ ಕಥೆಯ ಒಬ್ಬ ರಾಜ. ಅವನು ಸಮುದ್ರದಲ್ಲಿ ಮುಳುಗಿ ಸತ್ತ. ಹೆಂಡತಿಯ ದುಃಖ ನೋಡಲಾರದೆ ದೇವತೆಗಳು ಇಬ್ಬರನ್ನೂ ಮಿಂಚುಳ್ಳಿಗಳಾಗಿ ಮಾಡಿದರಂತೆ.

ನಮ್ಮ ಊರಲ್ಲಿ ಎಲ್ಲ ಮಿಂಚುಳ್ಳಿಗೂ ಮಿಂಚುಳ್ಳಿ ಅಂತಲೇ ಕರೆಯುವುದು. ಕಾಲಿಗೆ ಮೂರೇ ಬೆರಳು ಇರುವುದರಿಂದ ನಾನು ಮೂರು ಬೆರಳಿನ ಮಿಂಚುಳ್ಳಿ ಅನ್ನುತ್ತೇನೆ. ಈ ಬರಹದ ತುಂಬ ಅದೇ ಹೆಸರು.

ನಿಜಕ್ಕೂ ಅಷ್ಟು ಚಿಕ್ಕದಾ?

ಹೌದು. ಕೊಕ್ಕಿನ ತುದಿಯಿಂದ ಬಾಲದ ತುದಿಗೆ 13 ಸೆಂಟಿಮೀಟರ್ ಆಸುಪಾಸು. ಅದರಲ್ಲಿ ಕೊಕ್ಕಿನದೇ ದೊಡ್ಡ ಪಾಲು. ತೂಕ 14ರಿಂದ 21 ಗ್ರಾಂ. ಎರಡು ಚಾಲಿ ಅಡಿಕೆ ಅಂಗೈ ಮೇಲೆ ಇಟ್ಟುಕೊಳ್ಳಿ, ಹೆಚ್ಚುಕಡಿಮೆ ಅಷ್ಟೇ ಭಾರ. ಭಾರತದಲ್ಲಿ 12 ಜಾತಿಯ ಮಿಂಚುಳ್ಳಿಗಳಿವೆ. ಅವುಗಳಲ್ಲಿ ಎಲ್ಲಕ್ಕಿಂತ ಚಿಕ್ಕದು ಇದೇ.

ಫೋಟೊದಲ್ಲಿ ಅಷ್ಟು ಬಣ್ಣ. ತೋಟದಲ್ಲಿ ನೋಡಿದರೆ ಕಪ್ಪು ಹಕ್ಕಿ ಥರ ಕಾಣುತ್ತೆ. ಯಾಕೆ?

ಒಳ್ಳೆಯ ಪ್ರಶ್ನೆ. ಕೊಕ್ಕಿನ ಕೆಂಪು, ಹೊಟ್ಟೆಯ ಹಳದಿ ನಿಜವಾದ ಬಣ್ಣಗಳು. ಬಟ್ಟೆಗೆ ಬಣ್ಣ ಹಾಕಿದ ಹಾಗೆ ಬಣ್ಣದ ಕಣ ಅಲ್ಲೇ ಇರುತ್ತದೆ. ಬೆನ್ನಿನ ನೀಲಿ ಹಾಗಲ್ಲ. ಗರಿಯಲ್ಲಿ ನೀಲಿ ಕಣ ಇಲ್ಲವೇ ಇಲ್ಲ. ಗರಿಯೊಳಗಿನ ಅತಿ ಸಣ್ಣ ರಚನೆಗೆ ಬೆಳಕು ತಾಗಿ ಚದುರುವಾಗ ನೀಲಿ ಮಾತ್ರ ನಮ್ಮ ಕಣ್ಣಿಗೆ ವಾಪಸ್ ಬರುತ್ತದೆ. ಹಾಗಾಗಿ ಬೆಳಕು ಬೇಕೇ ಬೇಕು. ಮಳೆಗಾಲದ ಮೋಡ, ಮೇಲೆ ಅಡಿಕೆ ಹೆಡೆಯ ನೆರಳು, ಅದರ ಕೆಳಗೆ ಏಲಕ್ಕಿ ಪೊದೆಯ ಕತ್ತಲು. ಅಲ್ಲಿ ಬೆನ್ನು ಕಪ್ಪಾಗಿಯೇ ಕಾಣುತ್ತದೆ.

ಒಮ್ಮೆ ಸುಮಾರು ಹತ್ತು ಅಡಿ ದೂರದಲ್ಲಿ ಒಂದನ್ನು ಸುಮ್ಮನೆ ನೋಡುತ್ತ ಕೂತಿದ್ದೆ. ಆರಿದ್ರಾ ಮಳೆ ಒಂದು ಗಳಿಗೆ ಹೊಳವಾಗಿತ್ತು. ಹೆಡೆಗಳ ನಡುವಿನಿಂದ ಬಿಸಿಲಿನ ಒಂದು ಕೋಲು ಇಳಿದು ಹಕ್ಕಿಯ ಬೆನ್ನಿಗೆ ಬಿತ್ತು. ಅಷ್ಟು ಹೊತ್ತು ಇದ್ದಿಲಿನ ಹಾಗಿದ್ದ ಬೆನ್ನಿನಿಂದ ನೀಲಿ ಎದ್ದು ಬಂತು. ಸೊಂಟದ ಹತ್ತಿರ ನೇರಳೆ. ತಲೆ ಮೇಲೆ ಕಿತ್ತಳೆ ಬಣ್ಣಕ್ಕೆ ಸಣ್ಣಗೆ ಗುಲಾಬಿಯ ಹೊಳಪು. ಕುತ್ತಿಗೆ ಪಕ್ಕದಲ್ಲಿ ಒಂದು ಕಡುನೀಲಿ ಮಚ್ಚೆ, ಅದಕ್ಕೆ ತಾಗಿ ಬಿಳಿ ಮಚ್ಚೆ. ಹಕ್ಕಿ ತಲೆಯನ್ನು ಒಮ್ಮೆ ಮೇಲೆ ಕೆಳಗೆ ಕುಣಿಸಿತು. ಬಿಸಿಲು ಹೋಯಿತು, ಬಣ್ಣವೂ ಹೋಯಿತು.

ಗಂಡು ಹೆಣ್ಣು ಎರಡೂ ನೋಡಲು ಒಂದೇ ಥರ. ಮರಿಗಳ ಬಣ್ಣ ಸ್ವಲ್ಪ ಮಾಸಲು. ಹೊಟ್ಟೆ ಬಿಳಿಚಾಗಿರುತ್ತದೆ, ಕೊಕ್ಕು ಇನ್ನೂ ಕೆಂಪಾಗಿರುವುದಿಲ್ಲ.

ಹೊಳೆ ಮೇಲಿನ ತಂತಿಯಲ್ಲಿ ಕೂರುವ ನೀಲಿ ಮಿಂಚುಳ್ಳಿ ಇದೇನಾ?

ಅಲ್ಲ. ತಂತಿ ಮೇಲೆ, ಗದ್ದೆ ಬದುವಿನಲ್ಲಿ ಕೂತು ಜೋರಾಗಿ ಕಿರುಚುವುದು ಬಿಳಿ ಎದೆಯ ಮಿಂಚುಳ್ಳಿ. ಕೆರೆ ದಂಡೆಯಲ್ಲಿ ಕೂತು ನೀರಿಗೆ ಧುಮುಕುವ ಚಿಕ್ಕ ನೀಲಿ ಹಕ್ಕಿ ಬೇರೆ. ಕಾರವಾರದಲ್ಲಿ ಕಾಳಿ ನದಿ ಸಮುದ್ರ ಸೇರುವ ಕಡೆ ಕಾಂಡ್ಲಾ ಗಿಡಗಳಲ್ಲಿ ಕಾಣುವ ಕರಿತಲೆಯದ್ದು ಇನ್ನೂ ಬೇರೆ. ಅವೆಲ್ಲ ಬಯಲಿನಲ್ಲಿ, ನೀರಿನ ಮೇಲೆ, ಕಣ್ಣಿಗೆ ಕಾಣುವ ಹಾಗೆ ಕೂರುತ್ತವೆ. ನಮ್ಮ ಮೂರು ಬೆರಳಿನದ್ದು ಕಾಡಿನೊಳಗಿನ ಹಕ್ಕಿ. ನೆಲದಿಂದ ನಾಲ್ಕೈದು ಅಡಿ ಎತ್ತರದಲ್ಲಿ, ನೆರಳಿನಲ್ಲಿ, ಬಳ್ಳಿ ಮೇಲೋ ಬೇರಿನ ಮೇಲೋ ಕೂರುತ್ತದೆ. ತಂತಿ ಮೇಲೆ ಕೂತದ್ದನ್ನು ನಾನಂತೂ ಒಮ್ಮೆಯೂ ನೋಡಿಲ್ಲ.

ಮೂರೇ ಬೆರಳು ಯಾಕೆ?

ಹೆಚ್ಚಿನ ಮಿಂಚುಳ್ಳಿಗಳಿಗೆ ನಾಲ್ಕು ಬೆರಳು. ಮುಂದೆ ಮೂರು, ಹಿಂದೆ ಒಂದು. ಇದಕ್ಕೆ ಮುಂದಿನ ಒಳಬದಿಯ ಬೆರಳು ಇಲ್ಲ. ಉಳಿದ ಮುಂದಿನ ಎರಡು ಬೆರಳು ಬುಡದಲ್ಲಿ ಕೂಡಿಕೊಂಡಿವೆ. ನಡೆಯಲು ಈ ಕಾಲು ಅಷ್ಟಕ್ಕಷ್ಟೇ. ಆದರೆ ಬಿಲದೊಳಗಿನ ಸಡಿಲ ಮಣ್ಣನ್ನು ಹಿಂದಕ್ಕೆ ನೂಕಲು ಕೂಡಿಕೊಂಡ ಬೆರಳು ಸಣ್ಣ ಸಲಿಕೆಯ ಹಾಗೆ ಕೆಲಸ ಮಾಡುತ್ತದೆ.

ಯಾವಾಗ ಬರುತ್ತದೆ? ಎಲ್ಲಿಂದ ಬರುತ್ತದೆ?

ನಮ್ಮ ಕಡೆ ಮೇ ಕೊನೆಯಿಂದ ಕಾಣಿಸಿಕೊಳ್ಳುತ್ತದೆ. ಜೂನಿನಲ್ಲಿ ಜೋಡಿಯಾಗಿ ಓಡಾಟ ಜಾಸ್ತಿ. ಸೆಪ್ಟೆಂಬರ್ ಮುಗಿಯುವಷ್ಟರಲ್ಲಿ ಮತ್ತೆ ಅಪರೂಪ. ಕೊಂಕಣದಿಂದ ಹಿಡಿದು ನಮ್ಮ ಜಿಲ್ಲೆಯವರೆಗೂ ಇದು ಮುಖ್ಯವಾಗಿ ಮಳೆಗಾಲದ ಹಕ್ಕಿ. ಮಳೆ ಮುಗಿದ ಮೇಲೆ ವರ್ಷವಿಡೀ ಹಸಿಯಾಗಿರುವ ಕಾಡುಗಳ ಕಡೆ ಸರಿಯುತ್ತದೆ. ಬತ್ತದ ಹಳ್ಳ, ದಟ್ಟ ನೆರಳು ಇರುವ ಕಡೆ ಬೇರೆ ತಿಂಗಳಲ್ಲೂ ಒಂದೊಂದು ಕಂಡರೆ ಆಶ್ಚರ್ಯ ಬೇಡ.

ಭಾರತ ಒಂದೇ ಅಲ್ಲ. ಶ್ರೀಲಂಕಾ, ಬಾಂಗ್ಲಾದೇಶ, ಮ್ಯಾನ್ಮಾರ್, ಥಾಯ್ಲೆಂಡ್, ವಿಯೆಟ್ನಾಂ, ಮಲೇಷ್ಯಾದ ಕಾಡುಗಳಲ್ಲೂ ಇದೆ. ಮಲಯ ಕಡೆ ಇವು ರಾತ್ರಿ ಹೊತ್ತು ವಲಸೆ ಹೋಗುತ್ತವೆ. ಅಲ್ಲಿ ದೀಪದ ಬೆಳಕಿಗೆ ದಿಕ್ಕು ತಪ್ಪಿ ಕಟ್ಟಡಗಳಿಗೆ ಬಡಿದು ಬೀಳುವುದುಂಟು. ನಮ್ಮಲ್ಲೂ ಮೊದಲ ಮಳೆಯ ದಿನಗಳ ಬೆಳಿಗ್ಗೆ ಮನೆ ಎದುರು ಹಕ್ಕಿ ಬಿದ್ದಿತ್ತು ಅನ್ನುವ ಫೋನ್ ಬಂದಾಗ ನನಗೆ ಮೊದಲು ನೆನಪಾಗುವುದು ಅದೇ.

ಬೇರೆ ಹಕ್ಕಿಗಳೆಲ್ಲ ಮಳೆಗೆ ಮೊದಲೇ ಮರಿ ಮಾಡಿ ಮುಗಿಸುತ್ತವೆ. ಇದಕ್ಕೆ ಈ ಜಡಿಮಳೆಯೇ ಯಾಕೆ ಬೇಕು?

ಈ ಹಕ್ಕಿಯಲ್ಲಿ ನನಗೆ ಅತಿ ಇಷ್ಟವಾದ ಸಂಗತಿ ಇದು. ಪಿಕಳಾರ, ಮಡಿವಾಳ ಹಕ್ಕಿಗಳ ಗೂಡಿನ ಕೆಲಸ ಹೆಚ್ಚಾಗಿ ಬೇಸಿಗೆಯಲ್ಲೇ ನಡೆಯುತ್ತದೆ. ಕಾರವಾರದ ಕಡೆ ವರ್ಷಕ್ಕೆ 3000 ಮಿಲಿಮೀಟರ್ ಆಸುಪಾಸು ಮಳೆ. ಅದರ ಬಹುಪಾಲು ನಾಲ್ಕೇ ತಿಂಗಳಲ್ಲಿ ಸುರಿಯುತ್ತದೆ. ಅಂಥ ಹೊತ್ತಿನಲ್ಲಿ ಮರಿ ಸಾಕುವುದು ಹುಚ್ಚುತನ ಅನ್ನಿಸಬಹುದು.

ಆದರೆ ಹಕ್ಕಿಯ ಲೆಕ್ಕ ಸರಿಯಾಗಿದೆ. ಮೊದಲನೆಯದು ಮಣ್ಣು. ಮೇ ತಿಂಗಳಲ್ಲಿ ನಮ್ಮ ಕೆಂಪು ಮಣ್ಣಿನ ಧರೆಗೆ ಗುದ್ದಲಿ ಹಾಕಿದರೂ ಕಿಡಿ ಹಾರುತ್ತದೆ. ಎರಡು ದೊಡ್ಡ ಮಳೆ ಬಿದ್ದ ಮೇಲೆ ಅದೇ ಧರೆ ಮೆತ್ತಗಾಗುತ್ತದೆ. ಇಪ್ಪತ್ತು ಗ್ರಾಂ ಆಸುಪಾಸಿನ ಹಕ್ಕಿ ಕೊಕ್ಕಿನಿಂದ ಕೊರೆಯಬಹುದಾದ ಮಣ್ಣು ಅದು. ಎರಡನೆಯದು ಊಟ. ಮಳೆ ಬಂದದ್ದೇ ಕಪ್ಪೆಮರಿ, ಸಣ್ಣ ಏಡಿ, ಜೇಡ, ಹಾವುರಾಣಿ, ಹುಳು ಎಲ್ಲ ಒಟ್ಟಿಗೆ ಹೊರಗೆ ಬರುತ್ತವೆ. ಬಸಿಗಾಲುವೆಯ ಪಕ್ಕ ಒಂದು ಹತ್ತು ನಿಮಿಷ ಬಗ್ಗಿ ನೋಡಿ, ನಿಮಗೇ ಗೊತ್ತಾಗುತ್ತದೆ. ಮರಿಗೆ ಊಟ ಹುಡುಕಿಕೊಂಡು ದೂರ ಹೋಗುವ ಅಗತ್ಯವೇ ಇಲ್ಲ.

ಮತ್ತೆ ಮರಿ ಇರುವುದು ಮಣ್ಣಿನೊಳಗೆ. ಎಲೆ ಮೇಲೆ ಕಟ್ಟಿದ ಗೂಡನ್ನು ಗಾಳಿ ಮಳೆ ಹರಿದು ಹಾಕಬಹುದು. ಬಿಲದ ಒಳಗಿನ ಕೋಣೆಗೆ ಆ ಭಯ ಇಲ್ಲ.

ಗೂಡು ಎಲ್ಲಿ ಮಾಡುತ್ತದೆ? ಹೇಗೆ ಮಾಡುತ್ತದೆ?

ನೆಟ್ಟಗೆ ನಿಂತ ಮಣ್ಣಿನ ಗೋಡೆ ಬೇಕು. ಹಳ್ಳದ ದಡ, ತೋಟದ ಅಗಳ, ಕಾಲುದಾರಿ ಪಕ್ಕದ ಧರೆ, ಮನೆ ಕಟ್ಟುವಾಗ ಹಿತ್ತಿಲಲ್ಲಿ ಕಡಿದ ಧರೆ. ಬುಡ ಮೇಲಾಗಿ ಬಿದ್ದ ಮರದ ಬೇರಿಗೆ ಅಂಟಿದ ಮಣ್ಣಿನಲ್ಲೂ ಕೆಲವೊಮ್ಮೆ ಬಿಲ ಕೊರೆಯುವುದುಂಟು. ಬರೀ ಚಿರೆಕಲ್ಲು ಇರುವ ಕಡೆ ಕೊರೆಯಲು ಆಗುವುದಿಲ್ಲ. ಪೂರ್ತಿ ಮರಳಾದರೆ ನಿಲ್ಲುವುದಿಲ್ಲ.

ಗಂಡು ಹೆಣ್ಣು ಎರಡೂ ಸೇರಿ ಕೊರೆಯುತ್ತವೆ. ಮೊದಲು ಹಾರಿ ಬಂದು ಕೊಕ್ಕಿನಿಂದ ಧರೆಗೆ ಕುಟ್ಟುವುದು. ಕಾಲೂರಲು ಸಾಕಾಗುವಷ್ಟು ಗುಳಿ ಆದ ಮೇಲೆ ಕೂತು ಕೊರೆಯುವುದು. ಒಂದು ಒಳಗೆ ಹೋದರೆ ಇನ್ನೊಂದು ಹತ್ತಿರದ ಕೊಂಬೆಯಲ್ಲಿ ಕಾವಲು. ಸ್ವಲ್ಪ ಹೊತ್ತಿಗೆ ಬಿಲದ ಬಾಯಿಂದ ಮಣ್ಣು ಪುಸಪುಸ ಉದುರುತ್ತದೆ, ಅದರ ಹಿಂದೆಯೇ ಹಕ್ಕಿಯ ಬಾಲ. ಹೀಗೆ ಹಲವು ದಿನ. ಬಿಲ ಒಂದು ಮೀಟರ್ ಉದ್ದದವರೆಗೂ ಹೋಗಬಹುದು. ಬಾಯಿ ಮಾತ್ರ ಹೆಬ್ಬೆರಳು ತೋರುಬೆರಳು ಸೇರಿಸಿ ಮಾಡಿದ ಉಂಗುರದಷ್ಟು. ಕೊನೆಯಲ್ಲಿ ಸ್ವಲ್ಪ ಅಗಲವಾದ ಕೋಣೆ. ಹುಲ್ಲು, ನಾರು, ಗರಿ ಏನೂ ಹಾಸುವುದಿಲ್ಲ. ಬರೀ ನೆಲ.

ನಮ್ಮ ಹಿತ್ತಿಲಿನ ಗೂಡನ್ನು ಮೊದಲು ನೋಡಿದ್ದು ನಾನಲ್ಲ, ಆಯಿ. ಪಾತ್ರೆ ತೊಳೆಯುತ್ತಿದ್ದವಳು ಕೂಗಿ ಹೇಳಿದ್ದು: "ತಮಾ, ಆ ಧರೆ ಹತ್ರ ಹೋಗಡ. ಹಕ್ಕಿ ಮಣ್ಣು ತೆಗೀತಾ ಇದ್ದು." ಆ ವರ್ಷ ಪಾತ್ರೆ ತೊಳೆಯುವ ಕಲ್ಲನ್ನು ಅವಳೇ ಮನೆಯ ಇನ್ನೊಂದು ಬದಿಗೆ ಹಾಕಿಸಿಕೊಂಡಳು.

ಬಿಲ ಹಾವಿನದ್ದೋ ಇಲಿಯದ್ದೋ ಹಕ್ಕಿಯದ್ದೋ, ಹೇಗೆ ಗೊತ್ತು ಮಾಡುವುದು?

ಕೈ ಹಾಕಿ ಅಂತೂ ಅಲ್ಲ. ಕೋಲೂ ಹಾಕಬೇಡಿ. ದೂರದಿಂದ ನೋಡಿ. ಧರೆಯ ನೆಟ್ಟಗಿನ ಭಾಗದಲ್ಲಿ, ನೆಲದಿಂದ ಸ್ವಲ್ಪ ಮೇಲೆ, ದುಂಡಗಿನ ಚಿಕ್ಕ ಬಾಯಿ. ಕೆಳಗೆ ಹೊಸ ಮಣ್ಣಿನ ಪುಡಿ. ಬಾಯಿಯ ತಳದಲ್ಲಿ ಹಕ್ಕಿ ಕಾಲು ಎಳೆದ ಎರಡು ಸಣ್ಣ ಗೀರು. ಮರಿಗಳು ದೊಡ್ಡದಾದ ಮೇಲೆ ಬಿಲದ ಬಾಯಿಂದ ಬಿಳಿ ಗೆರೆ ಇಳಿದಿರುತ್ತದೆ, ಅದು ಹಿಕ್ಕೆ. ಹತ್ತಿರ ಹೋದರೆ ವಾಸನೆಯೂ ಬರುತ್ತದೆ. ಅಪ್ಪ ಅಮ್ಮ ಮರಿಗೆ ಉಣಿಸಿ ಹೊರಗೆ ಬಂದದ್ದೇ ಸೀದಾ ಹಳ್ಳಕ್ಕೆ ಹೋಗಿ ಎರಡು ಮುಳುಗು ಹಾಕುವುದನ್ನು ನೋಡಿದರೆ ಒಳಗಿನ ಸ್ಥಿತಿ ಅರ್ಥವಾಗುತ್ತದೆ.

ಎಷ್ಟು ಮೊಟ್ಟೆ? ಮರಿ ಎಷ್ಟು ದಿನಕ್ಕೆ ಹಾರುತ್ತದೆ?

ಸಾಮಾನ್ಯವಾಗಿ 4 ಅಥವಾ 5 ಬಿಳಿ ಮೊಟ್ಟೆ. ಕತ್ತಲಲ್ಲಿ ಇರುವ ಮೊಟ್ಟೆಗೆ ಮರೆಯಾಗಲು ಚುಕ್ಕಿ ಬಣ್ಣ ಬೇಕಿಲ್ಲ. ಇಬ್ಬರೂ ಸರದಿಯಲ್ಲಿ ಕಾವು ಕೊಡುತ್ತವೆ. ಸುಮಾರು 17 ದಿನಕ್ಕೆ ಮರಿ ಹೊರಬರುತ್ತದೆ. ಹುಟ್ಟಿದಾಗ ಮೈಮೇಲೆ ಒಂದೂ ಗರಿ ಇಲ್ಲ, ಕಣ್ಣೂ ತೆರೆದಿರುವುದಿಲ್ಲ. ಗರಿ ಬರಲು ಶುರುವಾದಾಗ ಒಂದೊಂದೂ ಕೊಳವೆಯೊಳಗೆ ಮುಚ್ಚಿಕೊಂಡೇ ಇರುತ್ತದೆ. ಆಗ ಮರಿ ಮುಳ್ಳುಹಂದಿಯ ಹಾಗೆ ಕಾಣುತ್ತದೆ. ಅಷ್ಟು ಗಲೀಜಿನ ಬಿಲದೊಳಗೆ ಗರಿ ಹಾಳಾಗದೆ ಉಳಿಯಲು ಈ ಕೊಳವೆಯೇ ಕಾರಣ. ಮರಿ ಹುಟ್ಟಿದ ಮೇಲೆ ಹಾರಲು ಮತ್ತೆ 20 ದಿನ ಆಸುಪಾಸು. ಅಂದರೆ ಮೊಟ್ಟೆ ಇಟ್ಟಲ್ಲಿಂದ ಲೆಕ್ಕ ಹಾಕಿದರೆ ಐದಾರು ವಾರ ಆ ಧರೆ ಅಲ್ಲಾಡಬಾರದು. ಕೆಲವು ಜೋಡಿ ಎರಡನೇ ಸಲವೂ ಮೊಟ್ಟೆ ಇಡುತ್ತವೆ.

ಮಿಂಚುಳ್ಳಿ ಅಂದ ಮೇಲೆ ಮೀನು ತಿನ್ನಬೇಕಲ್ಲ? ಇದು ಹಲ್ಲಿ ಹಿಡಿದದ್ದು ನೋಡಿದೆ.

ಸರಿಯಾಗಿಯೇ ನೋಡಿದ್ದೀರಿ. ಮೀನು ಸಿಕ್ಕರೆ ಬಿಡುವುದಿಲ್ಲ. ಆದರೆ ಇದರ ಊಟ ಹೆಚ್ಚಾಗಿ ಕಾಡಿನ ನೆಲದ್ದು. ಹಾವುರಾಣಿ, ಹಲ್ಲಿ, ಕಪ್ಪೆಮರಿ, ಸಣ್ಣ ಏಡಿ, ಜೇಡ, ಮಿಡತೆ, ಬಸವನಹುಳು. ಜೇಡವನ್ನು ಬಲೆಯ ನಡುವಿನಿಂದಲೇ ಹಾರುತ್ತ ಎತ್ತಿಕೊಂಡು ಹೋಗುತ್ತದೆ.

ಹಾವುರಾಣಿ ಹಿಡಿದಾಗ ನಡೆಯುವ ಕೆಲಸ ನೋಡಬೇಕು. ತನ್ನ ಮೈಯಷ್ಟೇ ಉದ್ದದ ಹಾವುರಾಣಿ. ಬಾಲದ ಹತ್ತಿರ ಕಚ್ಚಿ ಹಿಡಿದು ಕೊಂಬೆಗೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಬಡಿಯುತ್ತದೆ. ಟಪ್, ಟಪ್. ಒಗೆಯುವ ಕಲ್ಲಿನ ಮೇಲೆ ಬಟ್ಟೆ ಬಡಿದ ಹಾಗೆ. ನಾನು ಎಣಿಸಿದ್ದೇನೆ, ಒಮ್ಮೆ ನಲವತ್ತು ದಾಟಿತು. ಎಲುಬು ಮೆತ್ತಗಾಗುವವರೆಗೆ ಬಿಡುವುದಿಲ್ಲ.

ಬೇಟೆ ಬಾಯಲ್ಲಿ ಹಿಡಿದುಕೊಂಡು ತಿನ್ನದೇ ಸುಮ್ನೆ ಕೂತಿರುತ್ತಲ್ಲ, ಯಾಕೆ?

ನೀವು ಅಲ್ಲಿರುವುದನ್ನು ನೋಡಿ! ಇದು ಎಲ್ಲರೂ ತಿಳಿಯಬೇಕಾದ ಸೂಕ್ಷ್ಮ. ಬೇಟೆಯ ತಲೆ ಯಾವ ಕಡೆ ಇದೆ ನೋಡಿ. ತಾನೇ ತಿನ್ನುವುದಾದರೆ ಬೇಟೆಯ ತಲೆ ಹಕ್ಕಿಯ ಗಂಟಲಿನ ಕಡೆ ಇರುತ್ತದೆ. ಮರಿಗೆ ಕೊಡುವುದಾದರೆ ತಿರುಗಿಸಿ, ತಲೆ ಹೊರಗೆ ಕಾಣುವ ಹಾಗೆ ಹಿಡಿಯುತ್ತದೆ. ಮರಿ ತಲೆ ಕಡೆಯಿಂದ ನುಂಗಿದರೆ ಸಲೀಸು, ಕಾಲು ಗಂಟಲಿಗೆ ಸಿಕ್ಕುವುದಿಲ್ಲ.

ಹಾಗಾಗಿ ಹಾವುರಾಣಿಯ ತಲೆ ಹೊರಮುಖವಾಗಿದ್ದು, ಹಕ್ಕಿ ಕೂತಲ್ಲೇ ತಲೆ ಕುಣಿಸುತ್ತಿದ್ದರೆ, ನೀವು ಗೂಡಿನ ದಾರಿಗೆ ಅಡ್ಡ ನಿಂತಿದ್ದೀರಿ ಎಂದು ಅರ್ಥ. ಒಳಗೆ ಮರಿ ಹಸಿದಿದೆ. ಅಪ್ಪನೋ ಅಮ್ಮನೋ ನೀವು ಹೋಗುವುದನ್ನು ಕಾಯುತ್ತಿದೆ. ದಯವಿಟ್ಟು ಅಲ್ಲಿಂದ ಹಿಂದೆ ಬನ್ನಿ.

ಕೂಗು ಹೇಗಿರುತ್ತದೆ?

ಸಣ್ಣಗೆ, ಚೂಪಾಗಿ, "ಚ್ರೀಟ್" ಎಂದು. ಹೆಚ್ಚಾಗಿ ಹಾರುವಾಗ. ಕೂಗು ಕೇಳಿ ತಿರುಗುವಷ್ಟರಲ್ಲಿ ಹಕ್ಕಿ ಮೊಣಕಾಲ ಎತ್ತರದಲ್ಲಿ ತೋಟ ದಾಟಿರುತ್ತದೆ.

ತೋಟಕ್ಕೆ ಇದರಿಂದ ಏನಾದರೂ ಉಪದ್ರವ ಇದೆಯಾ?

ಇಲ್ಲ. ಅಡಿಕೆ ಮುಟ್ಟುವುದಿಲ್ಲ, ಕಾಳುಮೆಣಸು, ಹಣ್ಣು ಯಾವುದೂ ಬೇಡ. ಬಿಲ ಕೊರೆದರೆ ಧರೆ ಜರಿಯುತ್ತದಾ ಎಂದು ಕೆಲವರು ಕೇಳುತ್ತಾರೆ. ಎರಡು ಬೆರಳಷ್ಟು ಅಗಲದ ಒಂದು ತೂತಿನಿಂದ ಧರೆ ಜರಿಯುವುದಿಲ್ಲ. ಮೇಲಿನ ನೀರಿಗೆ ಸರಿಯಾದ ದಾರಿ ಇಲ್ಲದಿದ್ದರೆ, ಮೇಲಿನ ಮರ ಕಡಿದಿದ್ದರೆ ಜರಿಯುತ್ತದೆ.

ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಹೊಡೆಯುವುದರಿಂದ ಹಕ್ಕಿಗೆ ತೊಂದರೆಯಾ?

ಔಷಧಿ ಹೊಡೆಯದೆ ಅಡಿಕೆ ಉಳಿಯುವುದಿಲ್ಲ, ಅದು ನನಗೂ ಗೊತ್ತು. ನಾವು ಹೊಡೆಯುವ ಬೋರ್ಡೋ ದ್ರಾವಣದಲ್ಲಿ ಇರುವುದು ಮೈಲುತುತ್ತ ಮತ್ತು ಸುಣ್ಣ. ಮೈಲುತುತ್ತ ಅಂದರೆ ತಾಮ್ರ. ತಾಮ್ರ ನೀರಿಗೆ ಸೇರಿದರೆ ಮೀನು, ಕಪ್ಪೆಯ ಗೊದಮೊಟ್ಟೆ, ಏಡಿಗಳಿಗೆ ವಿಷ. ಅವೇ ತಾನೇ ಮರಿಗಳ ಊಟ? ಹಾಗಾಗಿ ಎರಡು ಕೆಲಸ ಮಾಡಿ. ಮಿಕ್ಕ ದ್ರಾವಣವನ್ನು ಬಸಿಗಾಲುವೆಗೆ ಸುರಿಯಬೇಡಿ. ಡ್ರಮ್ಮು, ಪಂಪು, ಪೈಪನ್ನು ಹಳ್ಳಕ್ಕೆ ಇಳಿಸಿ ತೊಳೆಯಬೇಡಿ, ನೀರು ಎತ್ತಿ ತಂದು ಮೇಲೆ ತೊಳೆಯಿರಿ. ಗೂಡಿರುವ ಧರೆಯ ಪಕ್ಕದ ಮರಗಳಿಗೆ ಹೊಡೆಯುವಾಗ ಜನ ಅಲ್ಲೇ ಕೂತು ಕವಳ ಹಾಕುತ್ತ ಹೊತ್ತು ಕಳೆಯದಿದ್ದರೆ ಸಾಕು. ಕೆಲಸ ಮುಗಿಸಿ ಬೇಗ ಸರಿದರೆ ಹಕ್ಕಿ ವಾಪಸ್ ಬರುತ್ತದೆ.

ಕಿಟಕಿ ಗಾಜಿಗೆ ಬಡಿದು ಬಿದ್ದಿದೆ. ಏನು ಮಾಡಲಿ?

ಮೊದಲು ಬೆಕ್ಕು ನಾಯಿಯನ್ನು ದೂರ ಮಾಡಿ. ಒಂದು ರಟ್ಟಿನ ಪೆಟ್ಟಿಗೆಗೆ ನಾಲ್ಕಾರು ತೂತು ಮಾಡಿ, ತಳಕ್ಕೆ ಹಳೆ ಪಂಚೆ ಹಾಸಿ. ಹಕ್ಕಿಯನ್ನು ಮೆತ್ತಗೆ ಬಟ್ಟೆಯಲ್ಲಿ ಎತ್ತಿ ಒಳಗಿಡಿ, ಮುಚ್ಚಿ. ಕತ್ತಲಾದ, ಸದ್ದಿಲ್ಲದ ಜಾಗದಲ್ಲಿ ಒಂದು ತಾಸು ಬಿಡಿ. ಬಾಯಿಗೆ ನೀರು ಬಿಡಬೇಡಿ, ಅದು ಉಸಿರಿನ ದಾರಿಗೆ ಹೋದರೆ ಹಕ್ಕಿ ಅಲ್ಲೇ ಸಾಯುತ್ತದೆ. ಅನ್ನ, ಹಾಲು, ಬಿಸ್ಕತ್ತು ಏನೂ ಬೇಡ. ಮಕ್ಕಳು ಪದೇ ಪದೇ ಮುಚ್ಚಳ ತೆಗೆದು ನೋಡುತ್ತಾರೆ. ಪ್ರೀತಿಯಿಂದಲೇ ನೋಡುವುದು, ಆದರೂ ಬೇಡ ಅನ್ನಿ.

ಒಂದು ತಾಸಿನ ನಂತರ ಪೆಟ್ಟಿಗೆಯನ್ನು ಮರದ ನೆರಳಿಗೆ ಒಯ್ದು ಮುಚ್ಚಳ ತೆಗೆಯಿರಿ, ದೂರ ನಿಲ್ಲಿ. ಹೆಚ್ಚಿನವು ತಲೆಗೆ ಪೆಟ್ಟಾಗಿ ಮಂಕಾಗಿರುತ್ತವೆ ಅಷ್ಟೇ, ಹಾರಿ ಹೋಗುತ್ತವೆ. ರೆಕ್ಕೆ ಜೋತಿದ್ದರೆ, ರಕ್ತ ಇದ್ದರೆ, ಹಾರದಿದ್ದರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ.

ಗಾಜಿನಲ್ಲಿ ಹಕ್ಕಿಗೆ ಕಾಣುವುದು ತೋಟದ ಪ್ರತಿಬಿಂಬ. ಜೂನಿನಿಂದ ಸೆಪ್ಟೆಂಬರ್‌ವರೆಗೆ ತೋಟದ ಕಡೆಯ ಗಾಜಿಗೆ ಹೊರಗಿನಿಂದ ಒಂದು ಹಳೆ ಬಲೆಯನ್ನೋ ತೆಳು ಪರದೆಯನ್ನೋ ಇಳಿಬಿಟ್ಟರೆ ಬಡಿಯುವುದು ನಿಲ್ಲುತ್ತದೆ. ನಮ್ಮ ಮನೆಯಲ್ಲಿ ಕಾಯಿಪಲ್ಲೆ ಮಡಿಗೆ ತಂದ ಬಲೆ ಮಿಕ್ಕಿತ್ತು, ಅದನ್ನೇ ಕಟ್ಟಿದ್ದೇವೆ.

ಗೂಡಿರುವ ಧರೆಯನ್ನು ಕಡಿಯಲೇಬೇಕಾಗಿದೆ. ಏನು ಮಾಡುವುದು?

ಅಕ್ಟೋಬರ್‌ವರೆಗೆ ಕಾಯಿರಿ. ಅಷ್ಟೇ ನನ್ನ ಉತ್ತರ. ಮನೆಗೆ ಅಪಾಯ ಇರುವ ಧರೆಯಾದರೆ ಮಾತು ಬೇರೆ, ಜನರ ಜೀವ ಮೊದಲು. ಆದರೆ ನಾನು ನೋಡಿದ ಹೆಚ್ಚಿನ ಕೆಲಸಗಳು ಹಾಗಿರಲಿಲ್ಲ. ಸುಮ್ಮನೆ ಚಂದ ಕಾಣಲಿ ಎಂದು ಕೆರೆಸಿದ್ದು.

ನಮ್ಮ ಮನೆಗೆ ಬರುವ ರಸ್ತೆಯ ಪಕ್ಕ ಒಂದು ಉದ್ದದ ಧರೆ ಇತ್ತು. ಒಂದು ಜುಲೈಯಲ್ಲಿ ಅದರ ಒಂದು ತುದಿ ಸ್ವಲ್ಪ ಜರಿಯಿತು. ಮಣ್ಣು ತೆಗೆಯಲು ಜೆಸಿಬಿ ಬಂತು. ನಾನು ಪೇಟೆಗೆ ಹೋಗಿದ್ದೆ. ಜರಿದ ತುದಿಯನ್ನು ಮಾತ್ರ ತೆಗೆದಿದ್ದರೆ ಏನೂ ಆಗುತ್ತಿರಲಿಲ್ಲ. ಬಂದದ್ದು ಬಂತು ಎಂದು ಧರೆಯನ್ನು ಉದ್ದಕ್ಕೂ ಸವರಿಬಿಟ್ಟಿದ್ದರು. ಅದರ ನಡುವೆ ಗೂಡಿತ್ತು, ಮರಿಗಳಿದ್ದವು. ಸಂಜೆ ನಾನು ಹೋಗಿ ನಿಂತಾಗ ಹಕ್ಕಿ ಕೊಕ್ಕಿನಲ್ಲಿ ಹಾವುರಾಣಿ ಹಿಡಿದು ಬಂತು. ತಲೆ ಹೊರಗೆ ಮಾಡಿ ಹಿಡಿದಿತ್ತು. ಬಿಲ ಇದ್ದ ಜಾಗದ ಎದುರು ಗಾಳಿಯಲ್ಲೇ ಒಂದು ಕ್ಷಣ ತಡವರಿಸಿ ವಾಪಸ್ ಹೋಯಿತು. ಮತ್ತೆ ಬಂತು. ಮಾರನೇ ದಿನವೂ ಬಂತು. ಯಂತ್ರದವನಿಗೆ ಗೂಡಿನ ವಿಷಯ ಗೊತ್ತಿರಲಿಲ್ಲ, ಅವನನ್ನು ಬೈದು ಫಲವಿಲ್ಲ. ಮೊದಲೇ ಒಂದು ಕೆಂಪು ಬಟ್ಟೆ ಕಟ್ಟಿ ಗುರುತು ಮಾಡಿ, ನಾಲ್ಕು ಜನರಿಗೆ ಹೇಳಿ ಇಡಬೇಕಿತ್ತು. ಈಗ ಪ್ರತಿ ವರ್ಷ ಕಟ್ಟುತ್ತೇನೆ. ಬಟ್ಟೆಯನ್ನು ಬಿಲದ ಬಾಯಿಗೆ ತೀರ ಹತ್ತಿರ ಕಟ್ಟಬೇಡಿ, ನಾಲ್ಕು ಮಾರು ಆಚೆ ಈಚೆ ಇರಲಿ.

ಧರೆಗೆ ಸಿಮೆಂಟಿನ ಗೋಡೆ ಕಟ್ಟಿಸುವವರಿಗೂ ಒಂದು ಮಾತು. ಮನೆ ಹಿಂದೆ ಕಟ್ಟಿಸಿ, ತಪ್ಪಿಲ್ಲ. ತೋಟದ ಕೊನೆಯಲ್ಲಿ, ಹಳ್ಳದ ಪಕ್ಕದಲ್ಲಿ ಹತ್ತು ಹನ್ನೆರಡು ಅಡಿ ಬರೀ ಮಣ್ಣಿನ ಧರೆ ಹಾಗೇ ಇರಲಿ. ಅಷ್ಟು ಸಾಕು ಇದಕ್ಕೆ.

ಫೋಟೊ ತೆಗೆಯಬಹುದಾ?

ತೆಗೆಯಿರಿ, ದೂರದಿಂದ. ಗೂಡಿನ ಬಾಯಿ ಎದುರು ಕೂರಬೇಡಿ. ಫ್ಲ್ಯಾಶ್ ಬೇಡ. ಅಡ್ಡ ಬರುತ್ತದೆ ಎಂದು ಬಿಲದ ಮುಂದಿನ ಜರಿಗಿಡ, ಬಳ್ಳಿ ಕತ್ತರಿಸಬೇಡಿ. ಆ ಮರೆ ಹೋದರೆ ಉಡ, ಕೇರೆಹಾವು, ಮುಂಗುಸಿಗೆ ಗೂಡು ಸುಲಭವಾಗಿ ಕಾಣುತ್ತದೆ. ಚಂದದ ಕೋಲು ನೆಟ್ಟು ಹಕ್ಕಿ ಅದರ ಮೇಲೇ ಕೂರುವ ಹಾಗೆ ಮಾಡುವುದೂ ಬೇಡ. ಫೋಟೊ ಹಾಕುವಾಗ ಊರಿನ ಹೆಸರು, ತೋಟದ ಗುರುತು ಬರೆಯಬೇಡಿ. ತಾಲ್ಲೂಕಿನ ಹೆಸರು ಸಾಕು. ಒಮ್ಮೆ ಜಾಗ ಗೊತ್ತಾದರೆ ಮುಂದಿನ ಭಾನುವಾರ ಹತ್ತು ಕಾರು ಬರುತ್ತವೆ.

ಎಲ್ಲಿ ಹೋದರೆ ನೋಡಬಹುದು?

ಜೂನ್ ಜುಲೈಯಲ್ಲಿ ಗಣೇಶಗುಡಿ, ದಾಂಡೇಲಿ, ಕ್ಯಾಸಲ್‌ರಾಕ್ ಕಡೆಯ ಕಾಡಿನ ಹಳ್ಳಗಳು. ಕಾರವಾರದವರಿಗೆ ಕದ್ರಾ, ಅಣಶಿ ದಾರಿ. ಅಲ್ಲಿ ಬಹುಪಾಲು ಕಾಳಿ ಹುಲಿ ಸಂರಕ್ಷಿತ ಪ್ರದೇಶ, ಅನುಮತಿ ಇಲ್ಲದೆ ಒಳಗೆ ಹೋಗುವ ಹಾಗಿಲ್ಲ. ಅಘನಾಶಿನಿ ಕಣಿವೆ, ದೇವಿಮನೆ ಘಾಟಿನ ಕೆಳಗಿನ ತೋಟಗಳು, ಶರಾವತಿ ಬದಿಯಲ್ಲಿ ಗೇರಸೊಪ್ಪೆ ಕಡೆ. ಆದರೆ ಮೊದಲು ನಿಮ್ಮ ಸ್ವಂತ ತೋಟದ ಹಳ್ಳದ ಹತ್ತಿರ ಬೆಳಿಗ್ಗೆ ಒಂದು ತಾಸು ಅಲ್ಲಾಡದೆ ಕೂತು ನೋಡಿ. ಕೊಡೆ ಕಪ್ಪಗಿರಲಿ. ಉಂಬಳಕ್ಕೆ (ಕಾಡಿನ ಜಿಗಣೆಗೆ) ಸುಣ್ಣದ ಡಬ್ಬಿ ಜೇಬಿನಲ್ಲಿರಲಿ.

ಪಂಜರದಲ್ಲಿ ಸಾಕಬಹುದಾ?

ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಹಿಡಿಯುವುದು, ಸಾಕುವುದು, ಮೊಟ್ಟೆ ತೆಗೆಯುವುದು ಎಲ್ಲವೂ ಅಪರಾಧ.

ಇದು ಅಳಿವಿನಂಚಿನಲ್ಲಿದೆಯಾ?

ಒಟ್ಟು ಜಗತ್ತಿನ ಲೆಕ್ಕದಲ್ಲಿ ಸದ್ಯಕ್ಕೆ ಆ ಪಟ್ಟಿಯಲ್ಲಿಲ್ಲ. ಆದರೆ ನೆರಳಿರುವ ಹಳ್ಳ ಮತ್ತು ಮಣ್ಣಿನ ಧರೆ ಎರಡೂ ಒಟ್ಟಿಗೆ ಇಲ್ಲದ ಊರಿನಲ್ಲಿ ಇದು ಇರಲಾರದು. ಹಳ್ಳದ ಬದಿಯ ಮರ ಕಡಿದು ಬಿಸಿಲು ಬಿದ್ದರೆ ಆ ಜಾಗಕ್ಕೆ ಬಿಳಿ ಎದೆಯ ಮಿಂಚುಳ್ಳಿ ಬರುತ್ತದೆ, ಇದು ಹೋಗುತ್ತದೆ. ನಮ್ಮ ಕಡೆ ಸೊಪ್ಪಿನ ಬೆಟ್ಟ (ತೋಟಕ್ಕೆ ಸೊಪ್ಪು ತರುವ ಕಾಡು) ದಟ್ಟವಾಗಿ ಉಳಿದಿರುವ ತೋಟಗಳಲ್ಲಿ ಇದು ಇನ್ನೂ ಇದೆ.

ಮಳೆಗಾಲ ಮುಗಿಯಿತು, ಬಿಲ ಖಾಲಿ. ಮುಚ್ಚಬಹುದಾ? ಮುಂದಿನ ವರ್ಷ ಅದಕ್ಕೇ ಬರುತ್ತದಾ?

ಮುಚ್ಚಬೇಡಿ. ಖಾಲಿ ಬಿಲದಲ್ಲಿ ಜೇಡ, ಏಡಿ, ಕಪ್ಪೆ ಸೇರಿಕೊಳ್ಳುತ್ತವೆ. ನಮ್ಮ ಹಿತ್ತಿಲಿನಲ್ಲಿ ಹಳೆಯ ಬಿಲಕ್ಕೇ ಬಂದದ್ದನ್ನು ನಾನು ನೋಡಿಲ್ಲ, ಅದೇ ಧರೆಗೆ ಬಂದದ್ದನ್ನು ನೋಡಿದ್ದೇನೆ. ಹಳೆಯದರಿಂದ ಒಂದು ಮೊಳ ಆಚೆ ಹೊಸದು ಕೊರೆಯುತ್ತದೆ. ಪಾತ್ರೆ ತೊಳೆಯುವ ಕಲ್ಲು ಇದ್ದ ಜಾಗದ ಹಿಂದೆ ಈಗ ಮೂರು ಬಿಲಗಳಿವೆ. ಎರಡರ ಬಾಯಿಗೆ ಪಾಚಿ ಕಟ್ಟಿದೆ. ಮೂರನೆಯದರ ಕೆಳಗೆ ಈ ವರ್ಷದ ಮಣ್ಣು ಇನ್ನೂ ಕೆಂಪಗಿದೆ. ಕಲ್ಲನ್ನು ಆಯಿ ಇನ್ನೂ ವಾಪಸ್ ತರಲು ಬಿಟ್ಟಿಲ್ಲ.